ಮೂಲ್ಕಿಯ ಹೊಡಿಬಡಿ ಕೀಪರ್ ಬುಧಿ ಕುಂದರನ್

2013ರಲ್ಲಿ ಧೋನಿ ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧ 224 ಹೊಡೆದದ್ದು ನಮ್ಮ ಹಾಸ್ಟೆಲಿನಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಆವತ್ತು ಮುರಿದದ್ದು ಯಾರ ದಾಖಲೆ ಅಂತ ಕೇಳಿ ನೋಡಿ, ಸುಮ್ಮನಾಗ್ತಾರೆ. ಭಾರತದ ವಿಕೆಟ್ ಕೀಪರ್ ಒಬ್ಬರ ಅತಿ ಹೆಚ್ಚು ಟೆಸ್ಟ್ ರನ್ 49 ವರ್ಷ 192ರಲ್ಲೇ ನಿಂತಿತ್ತು. ಅದನ್ನು ಹೊಡೆದವರು ನಮ್ಮ ಕರಾವಳಿಯ ಮೂಲ್ಕಿಯಲ್ಲಿ 1939ರ ಅಕ್ಟೋಬರ್ 2ರಂದು ಹುಟ್ಟಿದ ಬುಧಿಸಾಗರ ಕುಂದರನ್.

ಬೆಳೆದದ್ದು ಮುಂಬಯಿಯಲ್ಲಿ, ಇಕ್ಕಟ್ಟಾದ ಮನೆಯಲ್ಲಿ. ಅಪ್ಪನಿಗೆ ಕ್ರಿಕೆಟ್ ಅಂದ್ರೆ ಆಗದು. ಶಾಲೆಯ ತಂಡಕ್ಕೆ ಆಯ್ಕೆಯಾದಾಗ ಹುಡುಗನ ಹತ್ತಿರ ಬಿಳಿ ಬಟ್ಟೆ ಇರಲಿಲ್ಲ. ಅಪ್ಪನ ಬಟ್ಟೆಯನ್ನೇ ಅಮ್ಮ ಗುಟ್ಟಾಗಿ ಕತ್ತರಿಸಿ ಹೊಲಿದುಕೊಟ್ಟರಂತೆ. ಆ ಪಂದ್ಯದಲ್ಲಿ ಹೊಡೆದದ್ದು 219. ಪೇಪರಿನಲ್ಲಿ ಫೋಟೋ ಬಂದ ಮೇಲೆ ಗುಟ್ಟು ಎಲ್ಲಿ ಉಳಿಯುತ್ತೆ?

1960ರ ಜನವರಿ 1. ರಣಜಿಯಲ್ಲಿ ಒಂದೂ ಪಂದ್ಯ ಆಡದ ಇಪ್ಪತ್ತರ ಹುಡುಗ ಬ್ರೆಬೋರ್ನ್ ಮೈದಾನದಲ್ಲಿ ಬೆನೋ ಅವರ ಆಸ್ಟ್ರೇಲಿಯಾ ಎದುರು ಟೆಸ್ಟಿಗೆ ಇಳಿದ. ಕೈಗೆ ಹಾಕಿದ ಗ್ಲೌಸ್ ನರೇನ್ ತಮ್ಹಾಣೆ ಅವರಿಂದ ತಂದದ್ದು. ಮುಂದಿನ ಟೆಸ್ಟ್ ಮದ್ರಾಸಿನಲ್ಲಿ. ಇನಿಂಗ್ಸ್ ಆರಂಭಿಸಿ 71 ಹೊಡೆದರು. ಇಡೀ ತಂಡದ್ದು 149! ಆಮೇಲೆ ರೈಲ್ವೇಸ್ ಪರ ಮೊದಲ ರಣಜಿ ಪಂದ್ಯ, ಅಲ್ಲೂ ದ್ವಿಶತಕ.

ಈಗ 1964ರ ಇಂಗ್ಲೆಂಡ್ ಸರಣಿಗೆ ಬನ್ನಿ. ಮದ್ರಾಸ್ ಟೆಸ್ಟಿಗೆ ಫರೂಕ್ ಇಂಜಿನಿಯರ್ ಆಡುವ ಸ್ಥಿತಿಯಲ್ಲಿ ಇರಲಿಲ್ಲ, ಕೊನೇ ಗಳಿಗೆಯಲ್ಲಿ ಕುಂದರನ್‌ಗೆ ಕರೆ. ಆಗೆಲ್ಲ ಟೆಸ್ಟಿನ ಮೊದಲ ದಿನ ಅಂದರೆ ಓಪನರ್ ಕುಟುಕುಟು ಅಂತ ತಡೆದುಕೊಂಡು ನಿಲ್ಲುವುದು. ಇವರೋ ಸಂಜೆ ಹೊತ್ತಿಗೆ ಅಜೇಯ 170! ಮರುದಿನ 192ಕ್ಕೆ ಔಟಾದರು. ಬೌಂಡರಿಗಳೇ 31. ಮುಂದೆ ದಿಲ್ಲಿಯಲ್ಲಿ ಇನ್ನೊಂದು ಶತಕ. ಸರಣಿಯಲ್ಲಿ ಒಟ್ಟು 525 ರನ್.

ಇಷ್ಟು ಹೊಡೆದವರಿಗೆ ಏನು ಸಿಕ್ಕಿತು ಗೊತ್ತಾ? ಅದೇ ವರ್ಷ ಆಸ್ಟ್ರೇಲಿಯಾ ಬಂದಾಗ ಕೀಪಿಂಗ್ ಗ್ಲೌಸ್ ಇಂದ್ರಜಿತ್‌ಸಿಂಹಜಿ ಪಾಲಾಯಿತು. ಕುಂದರನ್ ಹೊರಗೆ. ಇದಕ್ಕೆ ಯಾರೇ ಏನೇ ಸಮಜಾಯಿಷಿ ಕೊಟ್ಟರೂ ನನಗಂತೂ ಒಪ್ಪಿಗೆ ಆಗಲ್ಲ. 1966ರ ಕೊನೆಗೆ ಮುಂಬಯಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮತ್ತೆ ಬೀಸಿ 79 ಹೊಡೆದರು. ಆದರೆ ಅದೇ ಸರಣಿಯ ಮದ್ರಾಸ್ ಟೆಸ್ಟಿನಲ್ಲಿ ಇಂಜಿನಿಯರ್ ಊಟದ ವಿರಾಮಕ್ಕೆ ಮುಂಚೆಯೇ 94 ಬಾರಿಸಿಬಿಟ್ಟರು. ಒಂದೇ ಕಾಲದಲ್ಲಿ ಇಬ್ಬರೂ ಹೊಡಿಬಡಿ ಕೀಪರ್‌ಗಳು, ಜಾಗ ಒಂದೇ.

ಕೊನೆಯ ಟೆಸ್ಟ್ 1967ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಸ್ಪಿನ್ನರುಗಳು ಆಡಿದ್ದರು, ಹೊಸ ಚೆಂಡು ಹಾಕೋಕೆ ಜನ ಇಲ್ಲ! ಮೈಸೂರಿನ ಸುಬ್ರಹ್ಮಣ್ಯ ಜೊತೆ ಬೌಲಿಂಗ್ ಆರಂಭಿಸಿದ್ದು ಕೀಪರ್ ಕುಂದರನ್. ಬ್ಯಾಟಿಂಗ್ ಆರಂಭಿಸಿದ್ದೂ ಅವರೇ. ನಗು ಬರುತ್ತೆ, ಆದರೆ ಅವರಿಗೆ ವಿದಾಯ ಸಿಕ್ಕಿದ್ದು ಹೀಗೆ. 18 ಟೆಸ್ಟ್, 981 ರನ್. ಆಗ ವಯಸ್ಸು ಬರೀ 27.

ಮೈಸೂರು ತಂಡಕ್ಕೂ ಆಡಿದರು. ಆಮೇಲೆ ಸ್ಕಾಟ್‌ಲೆಂಡಿಗೆ ಹೋಗಿ ನೆಲೆಸಿ, ಅಲ್ಲಿನ ಡ್ರಂಪೆಲಿಯರ್ ಕ್ಲಬ್ಬಿಗೆ ವರ್ಷಗಟ್ಟಲೆ ಆಡಿದರು. ನಲವತ್ತು ದಾಟಿದ ಮೇಲೆ ಸ್ಕಾಟ್‌ಲೆಂಡ್ ತಂಡದ ಪರವಾಗಿಯೂ ಬ್ಯಾಟ್ ಹಿಡಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಾಗ 66 ವರ್ಷ. ಧೋನಿ ಆಗಿನ್ನೂ ಟೆಸ್ಟ್ ಆಡಲು ಶುರು ಮಾಡಿ ಒಂದು ವರ್ಷವೂ ಆಗಿರಲಿಲ್ಲ.