ದಿವಾನರ ಊರ ದಾರಿಯ ಸಣ್ಣ ರೈಲು

ಸರ್ ಎಂ. ವಿಶ್ವೇಶ್ವರಯ್ಯ ಅಂದರೆ ಜನಕ್ಕೆ ನೆನಪಾಗೋದು ಕನ್ನಂಬಾಡಿ ಕಟ್ಟೆ. ಅವರ ಹುಟ್ಟೂರಿನ ಮಗ್ಗುಲಲ್ಲೇ ಹೋಗುವ ರೈಲು ಹಳಿ ಯಾರ ಬಾಯಲ್ಲೂ ಇಲ್ಲ.

ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಬಳ್ಳಾಪುರದಲ್ಲಿ ಓದುವಾಗ ಆ ಸೀಮೆಯಲ್ಲಿ ರೈಲಿನ ಸುಳಿವೇ ಇರಲಿಲ್ಲ. ತಂದೆ ಬೇಗ ತೀರಿಕೊಂಡರು. ಬೆಂಗಳೂರಲ್ಲಿ ಮನೆಪಾಠ ಹೇಳಿಕೊಂಡೇ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಮುಂಬಯಿ ಸರ್ಕಾರದ ನೌಕರಿಗೆ ಸೇರಿದರು. 1912ರಲ್ಲಿ ಮೈಸೂರಿನ ದಿವಾನರಾದರು.

ಮರುವರ್ಷವೇ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿ ಹಳಿಯ ಮೇಲೆ ಸಣ್ಣ ರೈಲು ಓಡಿತು. ಅವರ ದಿವಾನಗಿರಿ ಮುಗಿಯುವ ಮೊದಲೇ ಅದು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಬೆಂಗಳೂರು ಕಡೆಯಿಂದಲೂ ಅದೇ ಅಳತೆಯ ಹಳಿ ಬಂದು ಕೂಡಿತು.

1918ರಲ್ಲಿ ಅವರು ಅಧಿಕಾರ ಬಿಟ್ಟರು. ನೂರರ ಗಡಿ ದಾಟಿ 1962ರ ಏಪ್ರಿಲ್‌ನಲ್ಲಿ ಕಣ್ಮುಚ್ಚಿದಾಗ ಹುಟ್ಟೂರಲ್ಲೇ ಸಮಾಧಿಯಾಯಿತು. ಸಣ್ಣ ರೈಲು ಆಗಲೂ ಓಡುತ್ತಿತ್ತು. ಆದರೆ ಬಸ್ಸಿನ ಮುಂದೆ ಅದರ ಆಟ ನಡೆಯಲಿಲ್ಲ.

1990ರ ದಶಕ ಮುಗಿಯುವಷ್ಟರಲ್ಲಿ ಎರಡೂ ತುದಿಗೆ ದೊಡ್ಡ ಹಳಿ ಬಂತು, ನಡುವಿನ ಗಾಡಿ ನಿಂತಿತು. ರೇಷ್ಮೆಗೂಡಿನ ಶಿಡ್ಲಘಟ್ಟ, ಮಾವಿನ ಶ್ರೀನಿವಾಸಪುರ, ಸಂತೆಪೇಟೆಯ ಚಿಂತಾಮಣಿ ಮೂರಕ್ಕೂ ಬಸ್ಸೇ ಗತಿ. 2013ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ–ಕೋಲಾರದ ನಡುವೆ ದೊಡ್ಡ ಹಳಿಯಲ್ಲಿ ಮತ್ತೆ ಗಾಡಿ ಬಂತು.

ಸಣ್ಣ ಹಳಿ ಕಿತ್ತುಹೋಯಿತು. ಆದರೂ ದಿವಾನರ ಕಾಲದಲ್ಲಿ ಕೂಡಿದ ಊರುಗಳು ಇವತ್ತೂ ಅದೇ ಸಾಲಿನಲ್ಲಿವೆ. ನಡುವಿನ ಊರಿನವರು ಗಾಡಿಯಿಲ್ಲದೆ ಕಳೆದ ವರ್ಷಗಳ ಲೆಕ್ಕ ಮಾತ್ರ ಯಾರೂ ಇಟ್ಟಿಲ್ಲ.