ಡೇಮಿಯನ್ ಅವರ ಬಲಗೈ

ಸೋಂಕು ಎಂಬ ಮಾತಿಗೆ ಕನ್ನಡದಲ್ಲಿ ಮೂಲತಃ ಸ್ಪರ್ಶವೆಂದೇ ಅರ್ಥ. ತಂಗಾಳಿ ಮೈಗೆ ಸೋಂಕಿತು ಎಂದರೆ ಅದು ಸುಖದ ಮಾತು. ಅದೇ ಪದ ಕ್ರಮೇಣ ರೋಗದ ಹೆಸರಾಯಿತು. ಮುಟ್ಟಿದರೆ ಕಾಯಿಲೆ ತಗಲೀತೆಂಬ ಅಂಜಿಕೆ ನಮ್ಮ ಭಾಷೆಯಲ್ಲೇ ಮನೆಮಾಡಿದೆ. ಈ ಅಂಜಿಕೆಯ ಕುರಿತು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ಫಾದರ್ ಡೇಮಿಯನ್.

1840ರಲ್ಲಿ ಬೆಲ್ಜಿಯಂನ ಟ್ರೆಮೆಲೊ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಅವರ ಮೊದಲ ಹೆಸರು ಜೋಸೆಫ್. ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಪಾದ್ರಿಯಾಗಿದ್ದ ಅವರ ಅಣ್ಣ. ಅಣ್ಣ ಜ್ವರದಿಂದ ಮಲಗಿದ್ದರಿಂದ ತಮ್ಮ ಹಡಗು ಹತ್ತಿ, 1864ರಲ್ಲಿ ಹೊನೊಲುಲು ತಲುಪಿದರು.

ಮರುವರ್ಷವೇ ಹವಾಯಿಯ ಅರಸೊತ್ತಿಗೆ ಕುಷ್ಠರೋಗಿಗಳನ್ನು ಪ್ರತ್ಯೇಕಿಸುವ ಕಾನೂನು ತಂದಿತು. 1866ರಿಂದ ಅವರನ್ನು ಮೊಲೊಕಾಯ್ ದ್ವೀಪದ ಒಂದು ಭೂಶಿರಕ್ಕೆ ಸಾಗಿಸಲಾಯಿತು. ಮೂರು ಕಡೆ ಕಡಲು, ಬೆನ್ನಿಗೆ ಕಡಿದಾದ ಬೆಟ್ಟ. ಸೆರೆಮನೆಗೆ ಗೋಡೆಯ ಅಗತ್ಯವೇ ಇರಲಿಲ್ಲ. 1873ರ ಮೇ ತಿಂಗಳಲ್ಲಿ ಡೇಮಿಯನ್ ಸ್ವಇಚ್ಛೆಯಿಂದ ಅಲ್ಲಿಗೆ ಹೋದರು. ಮೊದಮೊದಲು ಹುಣ್ಣುಗಳ ದುರ್ವಾಸನೆ ತಾಳಲಾರದೆ ಹೊಗೆಸೊಪ್ಪಿನ ಪೈಪು ಸೇದುತ್ತಿದ್ದರಂತೆ. ಈ ವಿವರ ನನಗೆ ಬಹಳ ಮುಖ್ಯವೆನಿಸುತ್ತದೆ, ಅವರಿಗೂ ಅಸಹ್ಯವಿತ್ತು. ಮುಟ್ಟಬೇಡಿರೆಂಬ ಹಿರಿಯರ ಎಚ್ಚರಿಕೆಯೂ ಇತ್ತು. ಆದರೂ ಹುಣ್ಣು ತೊಳೆದು ಪಟ್ಟಿ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಪೊಯ್ ಎಂಬ ಆಹಾರವನ್ನು ರೋಗಿಗಳೊಂದಿಗೆ ಒಂದೇ ಪಾತ್ರೆಯಿಂದ ಉಂಡರು. ಅದೇ ಪೈಪನ್ನು ಅವರೊಂದಿಗೆ ಹಂಚಿಕೊಂಡರು.

ವಿಚಿತ್ರವೆಂದರೆ, ನಾರ್ವೆಯ ವೈದ್ಯ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಗುರುತಿಸಿದ್ದೂ 1873ರಲ್ಲೇ. ರೋಗವು ವಂಶಪಾರಂಪರ್ಯವೆಂಬ ನಂಬಿಕೆ ಇದರಿಂದ ಸಡಿಲವಾಯಿತು, ಸ್ಪರ್ಶದ ಭಯ ಮಾತ್ರ ಬಿಗಿಯಾಯಿತು.

1884ರ ಕೊನೆಯಲ್ಲಿ ಒಂದು ದಿನ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟಾಗ ಚರ್ಮ ಬೆಂದರೂ ಡೇಮಿಯನ್ನರಿಗೆ ನೋವಾಗಲಿಲ್ಲ. ರೋಗ ಹಿಡಿದಿತ್ತು. 1889ರ ಏಪ್ರಿಲ್ 15ರಂದು ತೀರಿಕೊಂಡಾಗ ಅವರಿಗೆ 49 ವರ್ಷ. ಹೊನೊಲುಲುವಿನ ಪ್ರಾಟೆಸ್ಟೆಂಟ್ ಪಾದ್ರಿಯೊಬ್ಬರು ಅವರ ರೋಗಕ್ಕೆ ದುರ್ನಡತೆಯೇ ಕಾರಣವೆಂದು ಬರೆದರು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ 1890ರಲ್ಲಿ ಬಹಿರಂಗ ಪತ್ರದ ಮೂಲಕ ಅದಕ್ಕೆ ಕಟುವಾಗಿ ಉತ್ತರಿಸಿದರು.

ಮುಟ್ಟಿದ್ದಕ್ಕೇ ಡೇಮಿಯನ್ ಸತ್ತರೆಂದು ಹೇಳುವವರು ಅವರ ಸಂಗಡಿಗರನ್ನು ಮರೆಯುತ್ತಾರೆ. 1886ರಲ್ಲಿ ಅಲ್ಲಿಗೆ ಬಂದ ಜೋಸೆಫ್ ಡಟನ್ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದೇ ಹುಣ್ಣುಗಳನ್ನು ತೊಳೆದರು. ಮದರ್ ಮೇರಿಯಾನ್ 1888ರಿಂದ 1918ರವರೆಗೆ ಅಲ್ಲಿಯೇ ಸೇವೆ ಮಾಡಿದರು. ಇಬ್ಬರಿಗೂ ಕುಷ್ಠ ತಗಲಲಿಲ್ಲ. ಬಹುಪಾಲು ಜನರಿಗೆ ಈ ರೋಗಾಣುವಿನ ವಿರುದ್ಧ ಸಹಜ ಪ್ರತಿರೋಧ ಶಕ್ತಿ ಇರುತ್ತದೆ. ಚಿಕಿತ್ಸೆ ಪಡೆಯದ ರೋಗಿಯ ಮೂಗು, ಬಾಯಿಯ ಹನಿಗಳಿಂದ, ಅದೂ ತಿಂಗಳುಗಟ್ಟಲೆಯ ನಿಕಟ ಒಡನಾಟದಲ್ಲಿ ಅದು ಹರಡುತ್ತದೆ ಎಂಬುದು ವೈದ್ಯಕೀಯದ ತಿಳಿವಳಿಕೆ. ಕೈಕುಲುಕಿದರೆ, ಬಸ್ಸಿನಲ್ಲಿ ಪಕ್ಕ ಕುಳಿತರೆ ಬರುವುದಿಲ್ಲ. ಔಷಧ ಶುರುವಾದ ಬಳಿಕ ರೋಗಿಯಿಂದ ಹರಡುವುದೂ ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ್ದು 1981ರಲ್ಲಿ. ಹವಾಯಿ 1969ರಲ್ಲೇ ಬಲವಂತದ ಪ್ರತ್ಯೇಕತೆಯನ್ನು ಕೈಬಿಟ್ಟಿತ್ತು. ನಾವು 1898ರ ಕುಷ್ಠರೋಗಿಗಳ ಕಾಯಿದೆಯನ್ನು ರದ್ದುಪಡಿಸಿದ್ದು 2016ರಲ್ಲಿ. ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಕುಷ್ಠವನ್ನು ತೆಗೆದದ್ದು 2019ರಲ್ಲಿ. ಗುಣವಾಗುವ ಕಾಯಿಲೆಯ ನೆಪದಲ್ಲಿ ಹೆಂಡತಿಯನ್ನೋ ಗಂಡನನ್ನೋ ಬಿಡಲು ಕಾನೂನು ಅಷ್ಟು ವರ್ಷ ದಾರಿ ಬಿಟ್ಟಿತ್ತು. ಮಡಿ ಮೈಲಿಗೆಯ ನಾಡಿನಲ್ಲಿ ಇದು ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲವೆಂಬುದು ನನ್ನ ಗುಮಾನಿ.

ಡೇಮಿಯನ್ನರ ದೇಹವನ್ನು 1936ರಲ್ಲಿ ಬೆಲ್ಜಿಯಂಗೆ ಒಯ್ಯಲಾಯಿತು. ಮೊಲೊಕಾಯ್‌ನ ಸಮಾಧಿ ಬರಿದಾಗಿಯೇ ಉಳಿದಿತ್ತು. 1995ರಲ್ಲಿ ಅವರ ಬಲಗೈಯ ಅವಶೇಷವನ್ನು ಅಲ್ಲಿಗೆ ಹಿಂತಿರುಗಿಸಿ, ಅದೇ ಜಾಗದಲ್ಲಿ ಹೂಳಲಾಯಿತು.