ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು

ಗೂಢಲಿಪಿಯನ್ನು ಬರೆಯುವುದನ್ನೂ ಓದುವುದನ್ನೂ ನಮ್ಮ ಪೂರ್ವಿಕರು ಅರುವತ್ತನಾಲ್ಕು ಕಲೆಗಳಲ್ಲಿ ಒಂದಾಗಿ ಎಣಿಸಿದ್ದರು. ಚಾರರು ಗೂಢಲೇಖ್ಯದ ಮೂಲಕ ವಾರ್ತೆಯನ್ನು ಕಳುಹಬಹುದೆಂದು ಕೌಟಿಲ್ಯನು ಹೇಳಿರುವನು. ಇವು ಮರೆಮಾಡಬೇಕೆಂದೇ ಬರೆದ ಬರಹಗಳು. ಆದರೆ ಎಲ್ಲರೂ ಓದಲೆಂದು ಕಲ್ಲಿನಲ್ಲಿ ಕೆತ್ತಿಸಿ ಊರ ನಡುವೆ ನಿಲ್ಲಿಸಿದ್ದರೂ, ಓದುವವರ ಮರೆವಿನಿಂದಲೇ ಗೂಢವಾಗಿಹೋದ ಬರಹವೊಂದುಂಟು. ಬೇಲೂರು, ಹಳೇಬೀಡು, ಅರಸೀಕೆರೆಗಳ ದೇವಾಲಯಗಳಲ್ಲಿದ್ದ ಹೊಯ್ಸಳರ ಶಾಸನಗಳ ಗತಿ ಇದೇ ಆಗಿತ್ತು. ಅಚ್ಚಗನ್ನಡದ ಮಾತುಗಳನ್ನು ಕನ್ನಡಿಗರೇ ಓದಲಾರದೆ, ಅವು ಹೂತಿಟ್ಟ ನಿಧಿಯ ಗುರುತುಗಳೆಂದು ಭ್ರಮಿಸಿ ಕಲ್ಲಿನ ಬುಡವನ್ನು ಅಗೆದವರೂ ಇದ್ದರು. ಈ ಮರೆವನ್ನು ಹೋಗಲಾಡಿಸಿದವರಲ್ಲಿ ಮೊದಲ ಪಂಕ್ತಿಗೆ ಸೇರಿದವರು ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು.

ಆಚಾರ್ಯರು 1860ರಲ್ಲಿ ಮಂಡಯಂ ಶ್ರೀವೈಷ್ಣವ ಮನೆತನದಲ್ಲಿ ಜನಿಸಿದರು. ಮದರಾಸು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದರು. ಇಂಗ್ಲಿಷ್ ಕಲಿತವನು ಕನ್ನಡವನ್ನು ಮನೆಯ ಮಾತಿಗೆ ಬಿಟ್ಟುಬಿಡುತ್ತಿದ್ದ ಕಾಲದಲ್ಲಿ ಇದು ಸಾಮಾನ್ಯವಾದ ಆಯ್ಕೆಯಲ್ಲ. ಬಳಿಕ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಸೇರಿ ಬಿ. ಎಲ್. ರೈಸರ ಸಹಾಯಕರಾದರು. ರೈಸರು ಬೆಂಗಳೂರಿನಲ್ಲಿಯೇ ಹುಟ್ಟಿದವರು; ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ 8869 ಶಾಸನಗಳನ್ನು ಪ್ರಕಟಿಸಿದ ಮಹೋಪಕಾರಿ. ಹಾಸನ ಜಿಲ್ಲೆಯ ಐದನೆಯ ಸಂಪುಟವು 1902ರಲ್ಲಿ ಹೊರಬಂದಿತು. ಆ ಮಹಾಕಾರ್ಯದಲ್ಲಿ ದುಡಿದ ನಮ್ಮ ನಾಡಿನ ಪಂಡಿತರ ಹೆಸರುಗಳನ್ನು ಇಂದು ಬಲ್ಲವರು ವಿರಳ. 1906ರಲ್ಲಿ ರೈಸರು ನಿವೃತ್ತರಾದಾಗ ಅವರ ಸ್ಥಾನಕ್ಕೆ ಆಚಾರ್ಯರೇ ಬಂದರು. ಕನ್ನಡನಾಡಿನ ಕಲ್ಲುಗಳನ್ನು ಓದಿಸುವ ಅಧಿಕಾರವು ಕನ್ನಡಿಗನ ಕೈಗೆ ಬಂದದ್ದು ಹೀಗೆ.

ಶಾಸನವನ್ನು ಓದುವುದೆಂದರೆ ಅಕ್ಷರ ಕೂಡಿಸುವುದಷ್ಟೇ ಎಂದು ತಿಳಿಯಬಾರದು. ಮೊದಲು ಕಲ್ಲನ್ನು ತೊಳೆದು, ಒದ್ದೆಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚನ್ನು ತೆಗೆಯಬೇಕು. ಬಳಿಕ ಸವೆದುಹೋದ ಅಕ್ಷರವನ್ನು ಛಂದಸ್ಸಿನಿಂದಲೂ ವ್ಯಾಕರಣದಿಂದಲೂ ಊಹಿಸಬೇಕು. ಕಂದಪದ್ಯದಲ್ಲಿ ಒಂದು ಮಾತ್ರೆ ಕಡಮೆಯಾದರೆ ಓದಿದ್ದು ತಪ್ಪು. ೞಕಾರವು ಸರಿಯಾದ ಎಡೆಯಲ್ಲಿ ಉಳಿದಿದೆಯೋ, ಳಕಾರದೊಡನೆ ಬೆರೆತುಹೋಗಿದೆಯೋ ಎಂಬುದರಿಂದಲೇ ಬರಹದ ವಯಸ್ಸನ್ನು ಅಂದಾಜುಮಾಡಬಹುದು. ತೇದಿಯನ್ನು ಎಷ್ಟೋ ವೇಳೆ ಅಂಕೆಗಳಲ್ಲಿ ಕೊಡದೆ ಪದಗಳಲ್ಲಿ ಅಡಗಿಸಿರುತ್ತಾರೆ. ಖ ಎಂದರೆ ಸೊನ್ನೆ, ಚಂದ್ರನೆಂದರೆ ಒಂದು, ಅಗ್ನಿಯೆಂದರೆ ಮೂರು, ನಿಧಿಯೆಂದರೆ ಒಂಬತ್ತು. ಕವಿಯು ನಿಧಿ, ಅಗ್ನಿ, ಖ, ಚಂದ್ರ ಎಂದು ಬರೆದನೆನ್ನೋಣ. ಅಂಕೆಗಳು ಬಲದಿಂದ ಎಡಕ್ಕೆ ನಡೆಯುವುದರಿಂದ ಅದನ್ನು 1039 ಎಂದು ಓದಬೇಕು.

ಅಷ್ಟಕ್ಕೇ ಮುಗಿಯಲಿಲ್ಲ, ಓದಿದ್ದಕ್ಕೆ ತಾಳೆ ಬೇಕು. ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ್ದು ಶಕ 1039ರ ಹೇವಿಳಂಬಿ ಸಂವತ್ಸರದಲ್ಲಿ. ಶಕವರ್ಷಕ್ಕೆ 78 ಕೂಡಿಸಿದರೆ 1117 ದೊರೆಯುತ್ತದೆ. ಅರುವತ್ತು ಸಂವತ್ಸರಗಳ ಚಕ್ರವು ಹದಿನೈದು ಸಲ ತಿರುಗಿದರೆ ಒಂಬೈನೂರು ವರ್ಷ. 2017ರಲ್ಲಿ ನಾವು ಯುಗಾದಿಯಂದು ಬರಮಾಡಿಕೊಂಡದ್ದೂ ಹೇವಿಳಂಬಿಯನ್ನೇ. ಶಕ, ಸಂವತ್ಸರ, ತಿಥಿ, ವಾರ ಇವುಗಳಲ್ಲಿ ಒಂದು ಮತ್ತೊಂದಕ್ಕೆ ಸಾಕ್ಷಿ ನುಡಿಯದಿದ್ದರೆ, ಓದಿದವನು ತಪ್ಪಿರಬೇಕು, ಇಲ್ಲವೆ ಕೆತ್ತಿದವನು ಎಡವಿರಬೇಕು, ಇಲ್ಲವೆ ಅದು ಕೂಟಶಾಸನವಾಗಿರಬೇಕು. ಗಂಗರ ತಾಮ್ರಪಟಗಳನ್ನು ಫ್ಲೀಟರು ಕೃತ್ರಿಮವೆಂದು ತಳ್ಳಿಹಾಕಿದರು. ರೈಸರು ಅವುಗಳನ್ನು ಎತ್ತಿಹಿಡಿದರು. ಒಂದು ರಾಜವಂಶದ ಆದಿಚರಿತ್ರೆಯೇ ಉಳಿಯುವುದೋ ಅಳಿಯುವುದೋ ಎಂಬುದು ಇಂತಹ ತಾಳೆಗಳ ಮೇಲೆ ನಿಂತಿತ್ತು. ದೇಶಾಭಿಮಾನವು ಇಲ್ಲಿ ಸಾಕ್ಷ್ಯವಾಗಲಾರದೆಂಬುದು ಬಲ್ಲವರಿಗೆ ಬೇರೆ ಹೇಳಬೇಕಾದುದಲ್ಲ.

ಆಚಾರ್ಯರ ನಿಷ್ಠುರತೆಯು ಜನರ ನೆಚ್ಚಿನ ಕಥೆಯೊಂದಕ್ಕೆ ಅಡ್ಡಬಂದಿತು. ಹೊಯ್ಸಳ ಗುಡಿಗಳೆಲ್ಲವನ್ನೂ ಜಕಣಾಚಾರಿಯೊಬ್ಬನೇ ಕಟ್ಟಿದನೆಂದೂ, ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದಲ್ಲಿ ಅವನ ಮಗ ಡಂಕಣನು ದೋಷವನ್ನು ಹಿಡಿದು ತೋರಿಸಿದನೆಂದೂ ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಆಚಾರ್ಯರಾದರೋ ವಿಗ್ರಹಗಳ ಪೀಠಗಳಲ್ಲಿ ರೂವಾರಿಗಳು ತಾವೇ ಕೆತ್ತಿಟ್ಟ ಸಹಿಗಳನ್ನು ಓದಿದರು. ಅಲ್ಲಿ ದೊರೆತವನು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಹಲವರು. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಜಕಣಾಚಾರಿಯ ಹೆಸರು ಈ ಸಹಿಗಳಲ್ಲಿ ಕಾಣಲಿಲ್ಲ. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಗ್ರಂಥವು 1917ರಲ್ಲಿಯೂ, ಬೇಲೂರು ಹಾಗೂ ದೊಡ್ಡಗದ್ದವಳ್ಳಿಗಳವು 1919ರಲ್ಲಿಯೂ ಪ್ರಕಟವಾದುವು. ಕಥೆ ಹೋಯಿತೆಂದು ಮರುಗುವವರು ಒಂದನ್ನು ಯೋಚಿಸಬೇಕು: ಒಬ್ಬ ಕಲ್ಪಿತ ಶಿಲ್ಪಿಗೆ ಬದಲಾಗಿ ಬೆವರು ಸುರಿಸಿ ದುಡಿದ ಹತ್ತಾರು ನಿಜವಾದ ಶಿಲ್ಪಿಗಳು, ತಂದೆಯ ಹೆಸರು, ಊರು, ಬಿರುದುಗಳೊಡನೆ ನಮಗೆ ಮರಳಿ ದೊರೆತರು.

ಶ್ರವಣಬೆಳ್ಗೊಳದಲ್ಲಿ ರೈಸರು 1889ರಲ್ಲಿ ಅಚ್ಚುಮಾಡಿಸಿದ್ದುದು 144 ಶಾಸನಗಳು. ಆಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ 500. ಬೆಟ್ಟ ಅದೇ, ಬಂಡೆ ಅದೇ. ನೋಡಿದ ಕಣ್ಣು ಬೇರೆ.

ಇಷ್ಟೆಲ್ಲವನ್ನೂ ಅವರು ಬರೆದುದು ಇಂಗ್ಲಿಷಿನಲ್ಲಿ. ಸರಕಾರದ ಕಟ್ಟಳೆ ಹಾಗಿತ್ತೆಂದು ಸಮಾಧಾನ ಹೇಳಬಹುದು. ಆದರೂ ಅರಸೀಕೆರೆಯ ಪೇಟೆಯವನಿಗೆ, ತನ್ನೂರಿನಲ್ಲಿ ಎರಡನೆಯ ಬಲ್ಲಾಳನ ಮಂತ್ರಿ ರೇಚರಸನು 1220ರಲ್ಲಿ ಸಹಸ್ರಕೂಟ ಜಿನಬಿಂಬವನ್ನು ಪ್ರತಿಷ್ಠಿಸಿದ ಸಂಗತಿಯು ಪರಭಾಷೆಯ ಮೂಲಕ ತಿಳಿಯಬೇಕಾಗಿ ಬಂದುದು ವಿಷಾದಕರ. ಆ ಕೊರತೆಯನ್ನು ತುಂಬಿದುದು ಕರ್ಣಾಟಕ ಕವಿಚರಿತೆ. ಎಸ್. ಜಿ. ನರಸಿಂಹಾಚಾರ್ಯರೊಡನೆ ಕೂಡಿ ಬರೆದ ಮೊದಲನೆಯ ಸಂಪುಟವು 1907ರಲ್ಲಿ ಹೊರಟಿತು. ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ಸಾವಿರಕ್ಕೂ ಮಿಕ್ಕ ಕವಿಗಳನ್ನು ಓಲೆಗರಿಗಳಿಂದ ಎತ್ತಿ ಕಾಲಕ್ರಮದಲ್ಲಿ ನಿಲ್ಲಿಸಿದ ಗ್ರಂಥವಿದು. ಇಲ್ಲಿಯೂ ಶಾಸನವನ್ನು ಓದುವ ಕ್ರಮವೇ. ಯಾರು ಯಾರನ್ನು ಹೊಗಳಿದ್ದಾನೆ ಎಂಬುದರಿಂದ ಮೇಲಿನ ಗಡಿ. ಯಾರು ಇವನ ಪದ್ಯವನ್ನು ಎತ್ತಿಕೊಂಡಿದ್ದಾನೆ ಎಂಬುದರಿಂದ ಕೆಳಗಿನ ಗಡಿ. ಬಲ್ಲಾಳನ ಆಸ್ಥಾನದ ಜನ್ನನ ಯಶೋಧರಚರಿತೆಯು 1209ರದು, ಅನಂತನಾಥಪುರಾಣವು 1230ರದು. ಶಬ್ದಮಣಿದರ್ಪಣದ ಕೇಶಿರಾಜನು ಜನ್ನನ ಸೋದರಳಿಯ. ಆದ್ದರಿಂದ ವೈಯಾಕರಣನು ಆ ಶತಮಾನದ ನಡುವಿನವನು. ಕೆಲವು ಕವಿಗಳ ಕಾಲವನ್ನು ಮುಂದಿನ ವಿದ್ವಾಂಸರು ತಿದ್ದಿದ್ದಾರೆ. ತಿದ್ದಲು ಬೇಕಾದ ಆಧಾರಗಳನ್ನು ಬಹುಮಟ್ಟಿಗೆ ಒದಗಿಸಿದ್ದೂ ಕವಿಚರಿತೆಯೇ.

ಮೈಸೂರು ಮಹಾರಾಜರು ಅವರಿಗೆ ಪ್ರಾಕ್ತನವಿಮರ್ಶವಿಚಕ್ಷಣನೆಂಬ ಬಿರುದನ್ನಿತ್ತರು. 1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹಂಚಿಹೋಗಿದ್ದ ನಾಡಿನ ಮುಂಬಯಿ ಪ್ರಾಂತದ ಕನ್ನಡಿಗರು ಮೈಸೂರಿನ ವಿದ್ವಾಂಸನನ್ನು ತಮ್ಮವನೆಂದು ಕರೆದ ಸಂದರ್ಭವದು. 1922ರಲ್ಲಿ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿದ ಆರ್. ಶಾಮಶಾಸ್ತ್ರಿಗಳು.

ಆಚಾರ್ಯರು 1936ರಲ್ಲಿ ಕಾಲವಾದರು. ಅದೇ ವರ್ಷ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಇಲಾಖೆಯ ಅಂದಿನ ಡೈರೆಕ್ಟರಾದ ಎಂ. ಎಚ್. ಕೃಷ್ಣರು ಒಂದು ಕಲ್ಲನ್ನು ಬೆಳಕಿಗೆ ತಂದರು. ಅದರಲ್ಲಿ ಶಕವರ್ಷವಿರಲಿಲ್ಲ. ಅಕ್ಷರಗಳ ರೂಪವನ್ನೂ ಕದಂಬ ಕಾಕುಸ್ಥನ ಹೆಸರನ್ನೂ ನೋಡಿ, ಅದು ಸುಮಾರು 450ರ ಕನ್ನಡವೆಂದು ನಿರ್ಣಯಿಸಿದರು.